ಶ್ರೀರಂಗಪಟ್ಟಣದಲ್ಲಿ ಮನೆ, ನಿವೇಶನ, ಜಮೀನು: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣದ ಸುತ್ತಮುತ್ತ ಜಮೀನು ವಿಚಾರಿಸಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಒಬ್ಬರಿಗೆ ನಿವೃತ್ತಿಯ ನಂತರ ಇರಲು ಕೋಟೆಯೊಳಗೆ ಒಂದು ಹಳೆಯ ಮನೆ ಬೇಕು, ಮತ್ತೊಬ್ಬರಿಗೆ ನಾಲೆಯ ಬದಿಯಲ್ಲಿ ಎರಡು ಎಕರೆ ಗದ್ದೆ ಬೇಕು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ಬಂಧುಗಳ ಮತ್ತು ಪರಿಚಿತರ ಕ್ರಯದ ಸಮಯದಲ್ಲಿ ಕಾಗದಪತ್ರ ನೋಡಿಕೊಡುತ್ತ ಬಂದಿರುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೂ ಅವಕ್ಕೆ ನಾನು ಹೇಳುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಮುಂದೆ ಕೂರುವ ಮೊದಲು ಏನನ್ನು ಕೇಳಬೇಕೆಂಬುದು ನಿಮಗೆ ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಬೇರೆ ಊರಿನಲ್ಲಿ ಆಸ್ತಿ ಕೊಳ್ಳುವುದಕ್ಕೂ ಇಲ್ಲಿ ಕೊಳ್ಳುವುದಕ್ಕೂ ಏನು ವ್ಯತ್ಯಾಸ?

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರ್‌ನ ಆಸುಪಾಸು. ಇಷ್ಟು ಚಿಕ್ಕ ಜಾಗದಲ್ಲಿ ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ದರಿಯಾ ದೌಲತ್, ಗುಂಬಜ್, ಕೋಟೆಯ ಗೋಡೆಗಳು, ಸೆರೆಮನೆಗಳು ಇವೆಲ್ಲ ಒತ್ತೊತ್ತಾಗಿ ಇವೆ. ಅವುಗಳ ಮಧ್ಯೆಯೇ ಭತ್ತ, ಕಬ್ಬು, ತೆಂಗು ಬೆಳೆಯುವ ಗದ್ದೆ ತೋಟಗಳೂ ಇವೆ. ಇಲ್ಲಿಯ ಸ್ಮಾರಕ ಸಮೂಹ 2014ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ.

ಹೀಗಾಗಿ ಇಲ್ಲಿಯ ಒಂದು ಗುಂಟೆ ನೆಲದ ಮೇಲೂ ನಾಲ್ಕು ಬಗೆಯ ಹಕ್ಕು ಕೂತಿರಬಹುದು. ಸ್ಮಾರಕದ ಕಾನೂನು ಒಂದು ಗೆರೆ ಎಳೆದಿರುತ್ತದೆ, ನಾಲೆಯ ನೀರಿನ ಸರದಿ ಇನ್ನೊಂದು ಗೆರೆ ಎಳೆದಿರುತ್ತದೆ, ಹೊಳೆ ತಾನೇ ಒಂದು ಗೆರೆ ಎಳೆಯುತ್ತದೆ, ಮಾರುವ ಕುಟುಂಬದ ಅಣ್ಣತಮ್ಮಂದಿರು ಅಕ್ಕತಂಗಿಯರ ಪಾಲು ನಾಲ್ಕನೆಯ ಗೆರೆ. ಮಾರುವವರು ತೋರಿಸುವ ಕಾಗದದಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದೋ ಎರಡೋ ಮಾತ್ರ ಕಾಣುತ್ತವೆ. ನಾಲ್ಕನ್ನೂ ನೆಲದ ಮೇಲೆ ನಿಂತು ನೋಡದೆ ಮುಂಗಡ ಕೊಡಬೇಡಿ ಎಂಬುದೇ ನಾನು ಎಲ್ಲರಿಗೂ ಹೇಳುವ ಮಾತು.

ನಾನು ಕೃಷಿಕನಲ್ಲ. ಇಲ್ಲಿ ವ್ಯವಸಾಯದ ಜಮೀನು ಕೊಳ್ಳಬಹುದೇ?

ಕೊಳ್ಳಬಹುದು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಯೇತರ ಆದಾಯ ಹೆಚ್ಚಿರುವವರನ್ನೂ ಕೃಷಿಕರಲ್ಲದವರನ್ನೂ ತಡೆದಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಈಗ ‘ಬೇಸಾಯಗಾರರ ದೃಢೀಕರಣ ಪತ್ರ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ’ ಎಂದು ಯಾರಾದರೂ ಹೇಳಿದರೆ ಅವರ ಸಹವಾಸವನ್ನು ಅಲ್ಲಿಗೇ ಬಿಡಿ.

ಆದರೆ ಕೊಳ್ಳುವ ಅವಕಾಶ ಬೇರೆ, ಕಟ್ಟುವ ಅವಕಾಶ ಬೇರೆ. ವ್ಯವಸಾಯದ ಜಮೀನಿನಲ್ಲಿ ವಾಸದ ಬಡಾವಣೆಯನ್ನೋ ರೆಸಾರ್ಟನ್ನೋ ಮಾಡಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಬೇಕು, ಆ ಜಾಗದ ಯೋಜನೆಯಲ್ಲಿ ಅಂಥ ಬಳಕೆಗೆ ಅವಕಾಶವೂ ಇರಬೇಕು. ನಾಲೆಯ ಅಚ್ಚುಕಟ್ಟಿನ ಗದ್ದೆಗೆ ಪರಿವರ್ತನೆ ಸುಲಭವಾಗಿ ಸಿಗುತ್ತದೆ ಎಂದು ನಂಬಿ ಹಣ ಹಾಕುವುದು ತಪ್ಪು. ಅಚ್ಚುಕಟ್ಟಿನ ನೆಲ ಬೇಸಾಯಕ್ಕೇ ಉಳಿಯಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ ಕೂಡ. ಮುನ್ನೂರು ವರ್ಷಗಳಿಂದ ನೀರು ಹರಿದು ಹದವಾದ ಮಣ್ಣಿನ ಮೇಲೆ ಜಲ್ಲಿ ಸುರಿದರೆ ಅದು ಮತ್ತೆ ಗದ್ದೆಯಾಗುವುದಿಲ್ಲ.

ನಾವು ಅಮೆರಿಕದಲ್ಲಿದ್ದೇವೆ. ಊರಿನ ಹತ್ತಿರ ಒಂದು ತೋಟ ಮಾಡಬೇಕೆಂಬ ಆಸೆ. ಸಾಧ್ಯವೇ?

ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರಾಗಲಿ ಸಾಗರೋತ್ತರ ಭಾರತೀಯ ಪೌರರಾಗಲಿ ವ್ಯವಸಾಯದ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಈ ಮೂರನ್ನು ಕ್ರಯಕ್ಕೆ ಪಡೆಯುವಂತಿಲ್ಲ. ರಾಜ್ಯದ 2020ರ ತಿದ್ದುಪಡಿ ಈ ಕೇಂದ್ರ ನಿಯಮವನ್ನು ಬದಲಿಸಿಲ್ಲ. ತಂದೆತಾಯಿಯಿಂದ ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು. ಪಟ್ಟಣದೊಳಗಿನ ಮನೆ ಅಥವಾ ವಾಸದ ನಿವೇಶನವನ್ನು ಕೊಳ್ಳಬಹುದು. ಊರಿನಲ್ಲಿರುವ ಭಾವನ ಹೆಸರಿನಲ್ಲೋ ಸ್ನೇಹಿತನ ಹೆಸರಿನಲ್ಲೋ ಕ್ರಯ ಮಾಡಿಸಿ ಹಣ ನಾವು ಕಳಿಸುತ್ತೇವೆ ಎನ್ನುವ ದಾರಿ ಬೇನಾಮಿ ವ್ಯವಹಾರದ ಕಾಯ್ದೆಯ ಕೆಳಗೆ ಬರಬಹುದು. ಎಷ್ಟೇ ಹತ್ತಿರದ ಸಂಬಂಧವಾದರೂ ಆ ದಾರಿ ಬೇಡ.

ಕೋಟೆಯೊಳಗೆ ಅಥವಾ ಸ್ಮಾರಕದ ಹತ್ತಿರ ಖಾಲಿ ನಿವೇಶನ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಂಡು ಮನೆ ಕಟ್ಟಬಹುದೇ?

ಇದು ಇಲ್ಲಿ ಕೇಳುವ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು, ಹೆಚ್ಚು ಜನ ಮೋಸಹೋಗುವುದೂ ಇಲ್ಲಿಯೇ. ಕೇಂದ್ರ ಸರ್ಕಾರ ಸಂರಕ್ಷಿಸಿರುವ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿ ಅನ್ವಯಿಸುತ್ತವೆ. ಅವುಗಳ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಆ 100 ಮೀಟರ್ ಮುಗಿದಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅನುಮತಿ ಪಡೆದು, ಅನುಮತಿಯಲ್ಲಿ ಹೇಳಿದ ಎತ್ತರಕ್ಕೆ ಮಾತ್ರ ಕಟ್ಟಬಹುದು. ಅಂದರೆ ಒಟ್ಟು 300 ಮೀಟರ್‌ವರೆಗೆ ಈ ಕಾನೂನಿನ ಕೈ ಚಾಚಿರುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅಳತೆ ಶುರುವಾಗುವುದು ಗೋಪುರದಿಂದಲೋ ಗುಮ್ಮಟದಿಂದಲೋ ಅಲ್ಲ, ಅಧಿಸೂಚನೆಯಲ್ಲಿ ಹೇಳಿರುವ ಸಂರಕ್ಷಿತ ಪ್ರದೇಶದ ಅಂಚಿನಿಂದ. ಎರಡನೆಯದಾಗಿ, ಸಂರಕ್ಷಿತ ಸ್ಮಾರಕವೆಂದರೆ ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಕಟ್ಟಡ ಮಾತ್ರವಲ್ಲ. ಟಿಪ್ಪು ಸುಲ್ತಾನನ ದೇಹ ಸಿಕ್ಕ ಜಾಗ, ಕರ್ನಲ್ ಬೈಲಿಯ ಸೆರೆಮನೆ, ಥಾಮಸ್ ಇನ್‌ಮನ್‌ನ ಸೆರೆಮನೆ, 1799ರಲ್ಲಿ ಕೋಟೆ ಒಡೆದ ಕಡೆಯ ಸ್ಮಾರಕ ಸ್ತಂಭ ಮತ್ತು ಗೋಡೆಗಳು, ನರಸಿಂಹಸ್ವಾಮಿ ದೇವಾಲಯದಲ್ಲಿರುವ ಕಂಠೀರವ ನರಸರಾಜ ಒಡೆಯರ ವಿಗ್ರಹ ಇವೆಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. ಒಂದೊಂದರ ಸುತ್ತಲೂ 300 ಮೀಟರ್ ಎಳೆದು ನೋಡಿ; ಹಳೆಯ ಊರಿನ ಬಹುಪಾಲು ಆ ವೃತ್ತಗಳೊಳಗೇ ಸೇರಿಬಿಡುತ್ತದೆ. ರಾಜ್ಯದ 1961ರ ಕಾಯ್ದೆಯಡಿ ಸಂರಕ್ಷಿತವಾದ ಸ್ಮಾರಕಗಳು ಇವಲ್ಲದೆ ಬೇರೆ ಇವೆ.

ಕೆಲವು ಮಾರಾಟಗಾರರು ‘ಪಕ್ಕದವರು ಎರಡು ಮಹಡಿ ಕಟ್ಟಿಲ್ಲವೇ’ ಎಂದು ಕೈ ತೋರಿಸುತ್ತಾರೆ. ಆ ಮನೆ ಕಾನೂನಿಗಿಂತ ಹಿಂದಿನದಿರಬಹುದು, ಅಥವಾ ಅದರ ಮೇಲೆ ಈಗಾಗಲೇ ನೋಟಿಸು ಇರಬಹುದು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಪುರಸಭೆ ಪರವಾನಗಿ ಕೊಟ್ಟಿದೆ ಎಂಬುದು ಪುರಾತತ್ವ ಕಾನೂನಿನ ಅನುಮತಿಗೆ ಬದಲಿಯಾಗುವುದಿಲ್ಲ. ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯುವುದಕ್ಕೆ ಬದಲಾಗಿ, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿದ್ದನ್ನು ಊರಿನವರೆಲ್ಲ ನೋಡಿದ್ದಾರೆ. ರೈಲು ಮಾರ್ಗಕ್ಕೇ ಇಷ್ಟು ಕಟ್ಟುನಿಟ್ಟು ಇರುವಾಗ ಮೂವತ್ತು–ನಲವತ್ತರ ನಿವೇಶನಕ್ಕೆ ವಿನಾಯಿತಿ ಸಿಗುತ್ತದೆಂದು ಎಣಿಸಬಾರದು.

ಹಾಗಾದರೆ ಅಲ್ಲಿ ಈಗಾಗಲೇ ಇರುವ ಹಳೆಯ ಮನೆಯನ್ನು ಕೊಂಡು ರಿಪೇರಿ ಮಾಡಿಸಬಹುದೇ?

ಮಾಡಿಸಬಹುದು, ಅನುಮತಿ ಪಡೆದು. ನಿಷೇಧಿತ ವಲಯದಲ್ಲೂ ದುರಸ್ತಿಗೆ ಮತ್ತು ನವೀಕರಣಕ್ಕೆ ಅರ್ಜಿ ಹಾಕುವ ದಾರಿ ಕಾಯ್ದೆಯಲ್ಲಿದೆ. ಅರ್ಜಿ ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ತಿಂಗಳುಗಳು ಹಿಡಿಯುತ್ತವೆ ಎಂದೇ ಲೆಕ್ಕ ಹಾಕಿಕೊಳ್ಳಿ. ಹಳೆಯದನ್ನು ಪೂರ್ತಿ ಕೆಡವಿ ‘ರಿಪೇರಿ’ ಎಂಬ ಹೆಸರಿನಲ್ಲಿ ಹೊಸದು ಕಟ್ಟಲು ಹೊರಟರೆ ಇದ್ದ ಮನೆಯೂ ಹೋಗಿ ಹೊಸದೂ ಏಳದೆ ಖಾಲಿ ಜಾಗ ಮಾತ್ರ ಉಳಿಯುವ ಅಪಾಯವಿದೆ.

ಮನೆ ನೋಡಲು ಹೋದಾಗ ಬಣ್ಣ ನೋಡಬೇಡಿ, ಮರ ನೋಡಿ. ಪರಿಚಿತರೊಬ್ಬರ ಸಲುವಾಗಿ ನಾನೊಮ್ಮೆ ಒಂದು ತೊಟ್ಟಿ ಮನೆ ನೋಡಲು ಹೋಗಿದ್ದೆ. ಜಗಲಿಯ ಕಂಬಗಳು ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು, ತೊಟ್ಟಿಯ ಕಲ್ಲುಹಾಸು ಒಂದೂ ಕದಲಿರಲಿಲ್ಲ. ಪಡಸಾಲೆಯ ದೊಡ್ಡ ತೊಲೆ ಗೋಡೆಯೊಳಗೆ ಸೇರುವ ತುದಿಯಲ್ಲಿ ಸುಣ್ಣ ಸ್ವಲ್ಪ ಉಬ್ಬಿತ್ತು. ಏಣಿ ಹತ್ತಿ ಅಲ್ಲಿಗೆ ಒಂದು ಮೂರಂಗುಲದ ಮೊಳೆಯನ್ನು ಬೆರಳಿನಿಂದಲೇ ಒತ್ತಿದರೆ ಬೆಣ್ಣೆಗೆ ಇಳಿದ ಹಾಗೆ ತಲೆಯವರೆಗೂ ಇಳಿಯಿತು. ಮೇಲಿನ ಹೆಂಚು ಒಡೆದು ಎಷ್ಟೋ ಮಳೆಗಾಲದ ನೀರು ಗೋಡೆಯೊಳಗೆ ಇಳಿದಿತ್ತು, ಗೆದ್ದಲು ಉಳಿದ ಕೆಲಸ ಮುಗಿಸಿತ್ತು. ಆ ಒಂದು ತೊಲೆ ಬದಲಿಸಬೇಕಾದರೆ ಅದರ ಮೇಲಿನ ಜಂತೆ, ರೀಪು, ಹೆಂಚು ಎಲ್ಲವನ್ನೂ ಇಳಿಸಬೇಕು. ಆದ್ದರಿಂದ ತೊಲೆಯ ತುದಿ, ಕಂಬದ ಬುಡ, ತೊಟ್ಟಿಯ ನೀರು ಹೊರಹೋಗುವ ದಾರಿ ಈ ಮೂರನ್ನು ಬಡಗಿಯೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದಿದ್ದರೆ ಅದೂ ಒಂದು ಎಚ್ಚರಿಕೆ: ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಒಳಗೇ ಕೊಳೆಯುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ಸರಿ.

ಪಹಣಿಯಲ್ಲಿ ಮಾರುವವರ ಹೆಸರೇ ಇದೆ. ಇನ್ನೇನು ನೋಡಬೇಕು?

ಪಹಣಿಯಲ್ಲಿ ಹೆಸರಿರುವುದು ಆರಂಭ ಮಾತ್ರ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಆ ಹಕ್ಕು ಅವರಿಗೆ ಬಂದ ಬಗೆ, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಬೇಸಾಯದ ವಿವರ ಇರುತ್ತವೆ. ಕೊಳ್ಳುವವರು ಮೊದಲು ಕಣ್ಣು ಹಾಕಬೇಕಾದದ್ದು 11ನೇ ಕಾಲಂಗೆ. ಸಹಕಾರ ಸಂಘದ ಬೆಳೆ ಸಾಲ, ಬ್ಯಾಂಕಿನ ಅಡಮಾನ, ನ್ಯಾಯಾಲಯದ ತಡೆಯಾಜ್ಞೆ, ಸರ್ಕಾರದ ಅಥವಾ ದೇವಸ್ಥಾನದ ಅಥವಾ ವಕ್ಫ್ ಮಂಡಳಿಯ ಹಕ್ಕಿನ ನಮೂದು ಎಲ್ಲ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ನಮೂದು ಇದ್ದರೆ ‘ಅದು ಸುಮ್ಮನೆ ಬಂದಿದೆ, ಆಮೇಲೆ ತೆಗೆಸೋಣ’ ಎಂಬ ಮಾತಿಗೆ ಒಪ್ಪಬೇಡಿ. ತೆಗೆಸಿದ ಮೇಲೆ ಕ್ರಯ.

10ನೇ ಕಾಲಂನಲ್ಲಿರುವ ಮ್ಯುಟೇಷನ್ (ಹಕ್ಕು ಬದಲಾವಣೆಯ ನಮೂದು) ಸಂಖ್ಯೆ ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಭೂಮಿ ಯೋಜನೆಯ ಗಣಕೀಕೃತ ದಾಖಲೆಗಿಂತ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಕೈಬರಹದ ಪಹಣಿ ಮತ್ತು ಮ್ಯುಟೇಷನ್ ಪ್ರತಿಗಳನ್ನು ತೆಗೆಸಬೇಕು. ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರಕ್ಕೂ ಇದೇ ಮಾತು: 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕಿಂತ ಹಳೆಯದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹುಡುಕಿಸಬೇಕು. ಕನಿಷ್ಠ 30 ವರ್ಷದ್ದನ್ನು ನೋಡಿ. ಈ ಸೀಮೆಯಲ್ಲಿ 1974ರವರೆಗೆ ಹಿಂದೆ ಹೋದರೆ ಇನ್ನೂ ಒಳ್ಳೆಯದು. ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆ ಜಾರಿಯಾದದ್ದು 1974ರ ಮಾರ್ಚ್ 1ರಿಂದ. ಭೂ ನ್ಯಾಯಮಂಡಳಿಯ ಆದೇಶ ಒಂದು ಇದ್ದು, ಅದು ಪಹಣಿಗೆ ಇಳಿಯದೆ ಉಳಿದಿರುವ ಸಂದರ್ಭಗಳೂ ಇರುತ್ತವೆ.

ಸರ್ವೆ ಮಾಡಿಸುವುದು ಕಡ್ಡಾಯವೇ? ಮಾರುವವರು ಗದ್ದೆಯ ಬದು ತೋರಿಸಿದ್ದಾರಲ್ಲ?

ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯಿಲ್ಲದೆ ನೋಂದಣಿಯೇ ಆಗುವುದಿಲ್ಲ. ಪೂರ್ತಿ ನಂಬರು ಕೊಳ್ಳುವುದಾದರೂ ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಮಾಡಿಸಿ, ಆಕಾರಬಂದು (ವಿಸ್ತೀರ್ಣದ ಸರ್ವೆ ದಾಖಲೆ) ಮತ್ತು ಟಿಪ್ಪಣಿಯ (ಮೂಲ ಅಳತೆಯ ದಾಖಲೆ) ಪ್ರತಿ ತೆಗೆಸಿ ತಾಳೆ ನೋಡಿ.

ಬದು ಎಂಬುದು ವರ್ಷ ವರ್ಷ ನೇಗಿಲ ಮೊನೆಗೆ ಸರಿಯುವ ವಸ್ತು. ಕೆಲವು ವರ್ಷಗಳ ಹಿಂದೆ ನಾಲೆಗೆ ತಗುಲಿದ ಒಂದು ಜಮೀನಿನ ಅಳತೆಗೆ ನಾನು ಜೊತೆಗೆ ಹೋಗಿದ್ದೆ. ಪಹಣಿಯಲ್ಲಿ 1 ಎಕರೆ 6 ಗುಂಟೆ ಎಂದಿತ್ತು. ಕಬ್ಬು ಕಡಿದು ಕೂಳೆ ನಿಂತಿದ್ದ ಹೊಲ. ಭೂಮಾಪಕರು ಗಡಿ ತೋರಿಸುವ ಎರಡು ಬಾಂದು ಕಲ್ಲುಗಳನ್ನು ಬೇಗ ಹಿಡಿದರು. ಮೂರನೆಯದು ಸಿಗಲಿಲ್ಲ. ಅಳತೆಯ ಲೆಕ್ಕ ಹಿಡಿದು ಅವರು ತೋರಿಸಿದ ಜಾಗದಲ್ಲಿ ಗುದ್ದಲಿ ಹಾಕಿದಾಗ ಎರಡಡಿ ಕೆಳಗೆ ಕಬ್ಬಿನ ಬೇರು ಸುತ್ತಿಕೊಂಡ ಕಲ್ಲಿನ ತಲೆ ಕಂಡಿತು. ಅದು ನಾವು ಬದು ಎಂದುಕೊಂಡಿದ್ದಕ್ಕಿಂತ ಬಹಳ ಒಳಗಿತ್ತು. ಬೇಸಾಯಕ್ಕೆ ನಿಜವಾಗಿ ಉಳಿದದ್ದು 38 ಗುಂಟೆ. ಬಾಕಿ 8 ಗುಂಟೆ ನಾಲೆಯ ಏರಿಗೂ ದಾರಿಗೂ ಸೇರಿತ್ತು, ದಾಖಲೆಯಲ್ಲಿ ಅದನ್ನು ಕಳೆದಿರಲಿಲ್ಲ. ಮಾರುವ ಹಿರಿಯರಿಗೂ ಅದು ಗೊತ್ತಿರಲಿಲ್ಲ, ಅವರ ಮುಖ ಬಾಡಿದ್ದು ನನಗೆ ಈಗಲೂ ನೆನಪಿದೆ. ಅಳತೆ ಮೊದಲೇ ಆಗಿದ್ದರಿಂದ ಬೆಲೆಯನ್ನು 38 ಗುಂಟೆಗೆ ಲೆಕ್ಕ ಹಾಕಿ ಎರಡೂ ಕಡೆಯವರು ಮನಸ್ಸು ಕೆಡಿಸಿಕೊಳ್ಳದೆ ಮುಗಿಸಿದರು.

ಖರಾಬು ಎಂದು ತೋರಿಸಿದ್ದರೆ ಅದು ‘ಅ’ ಖರಾಬೋ ‘ಬ’ ಖರಾಬೋ ಕೇಳಿ. ‘ಅ’ ಎಂದರೆ ಸಾಗುವಳಿಗೆ ಬಾರದ ನೆಲ. ‘ಬ’ ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ. ಅದಕ್ಕೆ ನೀವು ಹಣ ಕೊಟ್ಟರೂ ಅದು ನಿಮ್ಮದಾಗುವುದಿಲ್ಲ.

ಮಾರುವವರು ಮನೆಯ ಹಿರಿಯ ಮಗ. ಅಕ್ಕತಂಗಿಯರ ಸಹಿ ಬೇಕೇ?

ಪಿತ್ರಾರ್ಜಿತ ಆಸ್ತಿಯಾದರೆ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾಗಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ತಂದೆ 2005ಕ್ಕಿಂತ ಮುಂಚೆ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗಪತ್ರವೋ ನ್ಯಾಯಾಲಯದ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ‘ಮದುವೆಯಲ್ಲಿ ಕೊಡಬೇಕಾದ್ದೆಲ್ಲ ಕೊಟ್ಟಿದ್ದೇವೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ವಂಶವೃಕ್ಷದ ದೃಢೀಕೃತ ಪ್ರತಿ ತೆಗೆಸಿ. ಅದರಲ್ಲಿರುವ ಪ್ರತಿಯೊಬ್ಬರೂ, ತೀರಿಕೊಂಡವರ ಹೆಂಡತಿ ಮಕ್ಕಳೂ ಸೇರಿ, ಕ್ರಯಪತ್ರಕ್ಕೆ ಸಹಿ ಹಾಕಬೇಕು ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ಅಪ್ರಾಪ್ತರ ಪಾಲಿದ್ದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಸಾಧ್ಯವಾದರೆ ಆ ಹೆಣ್ಣುಮಕ್ಕಳನ್ನು ಕಂಡು ಮಾತನಾಡಿ. ತವರಿನ ಗದ್ದೆ ಮಾರುತ್ತಿದ್ದಾರೆಂಬುದು ಅವರಿಗೆ ತಿಳಿದೇ ಇಲ್ಲದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ದಾವೆ ಬೀಳುತ್ತದೆಂಬ ಭಯಕ್ಕೆ ಮಾತ್ರವಲ್ಲ, ಅವರ ಪಾಲು ಅವರ ಕೈಗೆ ಸೇರಬೇಕು ಎಂಬ ಕಾರಣಕ್ಕೂ ಇದನ್ನು ಮಾಡಬೇಕು.

ಸರ್ಕಾರದಿಂದ ಮಂಜೂರಾದ ಜಮೀನು, ಇನಾಂ ಜಮೀನು ಎಂದು ಹೇಳುತ್ತಾರೆ. ಕೊಳ್ಳಬಹುದೇ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯ ಅಸಿಂಧು. ಜಮೀನನ್ನು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಿ ಕೊಡಿಸಬಹುದು. ಎಷ್ಟೋ ವರ್ಷ ಕಳೆದಿದೆ ಎಂಬ ನೆಪ ಉಳಿಯದಂತೆ 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯನ್ನೂ ತರಲಾಗಿದೆ. ನಡುವೆ ಮೂರು ನಾಲ್ಕು ಕೈ ಬದಲಾಗಿದ್ದರೂ ಮೂಲದಲ್ಲಿ ಮಂಜೂರಾತಿ ಇದ್ದರೆ ಈ ಪ್ರಶ್ನೆ ಏಳುತ್ತದೆ. ಹಾಗಾಗಿ ಮಂಜೂರಾತಿ ಆದೇಶದ ಪ್ರತಿಯನ್ನು ಕಣ್ಣಾರೆ ನೋಡಿ.

ದೇವಸ್ಥಾನಗಳಿಗೆ ಉಂಬಳಿಯಾಗಿ ಬಿಟ್ಟಿದ್ದ ಜಮೀನುಗಳು ಈ ಸೀಮೆಯಲ್ಲಿ ಬಹಳ. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯ ನಂತರ ಯಾರ ಹೆಸರಿಗೆ, ಯಾವ ಆದೇಶದಿಂದ ಹಕ್ಕು ಬಂದಿತು ಎಂಬ ದಾಖಲೆಯಿದ್ದರೆ ಮಾತ್ರ ಮುಂದುವರಿಯಿರಿ. ಇನ್ನೂ ದೇವರ ಹೆಸರಿನಲ್ಲೇ ಇರುವ ಜಮೀನನ್ನು ಅರ್ಚಕರಾಗಲಿ ಸಾಗುವಳಿ ಮಾಡುವವರಾಗಲಿ ಮಾರಲು ಬರುವುದಿಲ್ಲ.

ನಾಲೆಯ ನೀರು ಖಾತರಿಯೇ?

ಕೃಷ್ಣರಾಜಸಾಗರದ ಬುಡದಲ್ಲೇ ಇದ್ದೇವೆ, ನೀರಿಗೇನು ಕೊರತೆ ಎಂದು ಹೊರಗಿನವರು ಭಾವಿಸುತ್ತಾರೆ. ಈ ತಾಲ್ಲೂಕಿನ ನಾಲೆಗಳಲ್ಲಿ ಕೆಲವು ಅಣೆಕಟ್ಟೆಗಿಂತ ಬಹಳ ಹಳೆಯವು. ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಇವು ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳಿಂದ ನೀರು ತರುತ್ತವೆ. ಬಂಗಾರದೊಡ್ಡಿ ನಾಲೆಯಂತೂ ಹೊಳೆಯ ಒಂದು ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ದ್ವೀಪದ ಗದ್ದೆಗಳಿಗೆ ನೀರುಣಿಸುತ್ತದೆ. ವಿಶ್ವೇಶ್ವರಯ್ಯ ನಾಲೆ ಬೇರೆ, ಅದರ ಸರದಿ ಬೇರೆ.

ನಿಮ್ಮ ಜಮೀನು ಯಾವ ನಾಲೆಗೆ, ಯಾವ ತೂಬಿಗೆ ಸೇರಿದೆ, ತೂಬಿನಿಂದ ಮೊದಲೋ ಕೊನೆಯೋ ಎಂಬುದನ್ನು ಕೇಳಿ. ಕಾಗದದಲ್ಲಿ ಎರಡೂ ‘ತರಿ’, ಅಂದರೆ ನೀರಾವರಿ ಜಮೀನೇ, ಆದರೆ ಕೊನೆಯ ಗದ್ದೆಗೆ ನೀರು ಮುಟ್ಟುವಷ್ಟರಲ್ಲಿ ಸರದಿ ಮುಗಿದಿರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬದೆ ಹೋದಾಗ ನೀರನ್ನು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಅಳೆದು ಬಿಡಬೇಕಾಯಿತು, ಬೇಸಿಗೆ ಬೆಳೆಗೆ ರೈತರು ಆಸೆ ಬಿಟ್ಟರು. ನೀರಿನ ವಿಷಯದಲ್ಲಿ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಮಾತು ಮಾರುವವರ ಮಾತಿಗಿಂತ ಹೆಚ್ಚು ನಂಬತಕ್ಕದ್ದು. ಅವರನ್ನು ಕಂಡು ಐದು ನಿಮಿಷ ಮಾತನಾಡಿ.

ನೀರು ಅತಿಯಾಗುವುದೂ ತೊಂದರೆಯೇ. ಬಸಿಗಾಲುವೆ ಮುಚ್ಚಿಹೋದ ಕಡೆ ಗದ್ದೆ ಜವಳು ಹಿಡಿಯುತ್ತದೆ, ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಪ್ಪು ಏಳುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಅದು ಕಾಣುತ್ತದೆ. ಹಸಿರು ಪೈರು ನಿಂತಾಗ ಕಾಣುವುದಿಲ್ಲ.

ಜಮೀನಿನಲ್ಲಿ ಕಬ್ಬು ನಿಂತಿದೆ. ಅದು ಯಾರದು?

ಕರಾರಿನಲ್ಲಿ ಬರೆದವರದು. ಕಬ್ಬು ವರ್ಷಕ್ಕೂ ಮೇಲೆ ನಿಲ್ಲುವ ಬೆಳೆ. ಕಡಿದ ಮೇಲೂ ಕೂಳೆ ಬರುತ್ತದೆ, ಕಾರ್ಖಾನೆಗೋ ಆಲೆಮನೆಗೋ ಮೊದಲೇ ಒಪ್ಪಿಗೆ ಆಗಿರುತ್ತದೆ. ಕಟಾವು ಯಾವಾಗ, ಕೂಳೆ ಯಾರಿಗೆ ಎಂದು ಬರೆಸಿಕೊಳ್ಳಿ. ಬಾಯಿಮಾತಿನ ಗುತ್ತಿಗೆ ಅಥವಾ ವಾರದ (ಬೆಳೆಯಲ್ಲಿ ಪಾಲಿನ) ಮೇಲೆ ಇನ್ನೊಬ್ಬರು ಸಾಗುವಳಿ ಮಾಡುತ್ತಿದ್ದರೆ ಅವರ ಎದುರಿನಲ್ಲೇ ಮಾತುಕತೆ ಆಗಬೇಕು. ಕಾಗದದಲ್ಲಿ ಇಲ್ಲದಿದ್ದರೂ ಬೆವರು ಸುರಿಸಿದವರು ಅವರು.

ಹೊಳೆಯ ದಂಡೆಯ ಜಾಗ ತುಂಬ ಚೆನ್ನಾಗಿದೆ. ಪ್ರವಾಹದ ಭಯವಿದೆಯೇ?

ಇದೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಅದು ತುಂಬಿ, ಮೇಲೆ ಮಳೆ ಮುಂದುವರಿದರೆ ಬಂದ ನೀರನ್ನೆಲ್ಲ ಹೊಳೆಗೆ ಬಿಡದೆ ಬೇರೆ ದಾರಿಯಿಲ್ಲ. 2019ರಲ್ಲೂ 2024ರಲ್ಲೂ ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಂದಾಗ ಗಂಜಾಂ ನಿಮಿಷಾಂಬ ದೇವಾಲಯದ ಬಳಿಯ ಸ್ನಾನಘಟ್ಟ ಮುಳುಗಿತು, ವೆಲ್ಲೆಸ್ಲಿ ಸೇತುವೆಯತ್ತ ಜನ ಹೋಗದಂತೆ ತಡೆಯಬೇಕಾಯಿತು. ಆ ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಗದ್ದೆಯವರನ್ನು ಕೇಳಿ, ತೆಂಗಿನ ಮರದ ಮೇಲೆ ಕೈಯಿಟ್ಟು ತೋರಿಸುತ್ತಾರೆ. ರಂಗನತಿಟ್ಟಿನ ಕಡೆಯಾದರೆ ಇನ್ನೊಂದು ವಿಚಾರವೂ ಇದೆ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು. ಸುತ್ತ ಏನನ್ನಾದರೂ ಕಟ್ಟುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಲೇಬೇಕು.

ಹೆದ್ದಾರಿಯ ಹತ್ತಿರದ ಬಡಾವಣೆಗಳಲ್ಲಿ ನಿವೇಶನ ಕೊಳ್ಳಬಹುದೇ?

ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ಅನುಮೋದಿತ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಈ ಮೂರೂ ಇದ್ದರೆ ಯೋಚಿಸಿ. 500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆಗೆ ರೇರಾ ಕಡ್ಡಾಯ. ಪಹಣಿಯ ಜಮೀನನ್ನೇ ಗುಂಟೆ ಲೆಕ್ಕದಲ್ಲಿ ಕತ್ತರಿಸಿ ಮಾರುವ ರೆವಿನ್ಯೂ ನಿವೇಶನಗಳಿಗೆ ಕೈ ಹಾಕಬೇಡಿ. ಅಲ್ಲಿ ದಾರಿಯೂ ನಿಮ್ಮದಲ್ಲ, ಚರಂಡಿಯೂ ಇಲ್ಲ, ಸಾಲವೂ ಸಿಗುವುದಿಲ್ಲ.

ಖಾತೆ ಯಾವ ಬಗೆಯದಿರಬೇಕು?

ಪುರಸಭೆಯ ವ್ಯಾಪ್ತಿಯೊಳಗಿನ ಮನೆ, ನಿವೇಶನಕ್ಕೆ ಇ-ಆಸ್ತಿ ತಂತ್ರಾಂಶದ ಇ-ಖಾತೆ ಬೇಕು. ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ‘11ಬಿ’ ಅಥವಾ ‘ಬಿ ಖಾತೆ’ ಎಂದಿದ್ದರೆ ತೆರಿಗೆ ಕಟ್ಟಿಸಿಕೊಳ್ಳಲು ಮಾಡಿದ ದಾಖಲೆ ಎಂದೇ ತಿಳಿಯಿರಿ. ಚೆಕ್ಕುಬಂದಿಯ ನಾಲ್ಕೂ ದಿಕ್ಕಿನ ವಿವರ ಕ್ರಯಪತ್ರದಲ್ಲೂ ಖಾತೆಯಲ್ಲೂ ಒಂದೇ ಇರಬೇಕು. ಹಳೆಯ ಮನೆಗಳಲ್ಲಿ ‘ಪೂರ್ವಕ್ಕೆ ಇಂಥವರ ಹಿತ್ತಲು’ ಎಂದು ಬರೆದಿರುತ್ತದೆ, ಆ ಹಿತ್ತಲು ಈಗ ಮೂರು ಮನೆಯಾಗಿರುತ್ತದೆ.

ಬೆಲೆಯ ಹೊರತಾಗಿ ಎಷ್ಟು ಖರ್ಚು ಬರುತ್ತದೆ?

ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ಪಟ್ಟಣದಲ್ಲಿ ಶೇ 2 ಮತ್ತು ಹಳ್ಳಿಯಲ್ಲಿ ಶೇ 3 ಮೇಲ್ತೆರಿಗೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಪಟ್ಟಣದೊಳಗೆ 30 ಲಕ್ಷ ರೂಪಾಯಿಯ ನಿವೇಶನಕ್ಕೆ 1,50,000 + 15,000 + 3,000 + 60,000, ಒಟ್ಟು 2,28,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಮಾರ್ಗಸೂಚಿ ದರದ ಮೇಲೆಯೇ ಲೆಕ್ಕ. ವಕೀಲರು, ಸರ್ವೆ, ದಾಖಲೆ ಪ್ರತಿಗಳ ಖರ್ಚನ್ನು ಬೇರೆ ಇಟ್ಟುಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ತೆರಿಗೆ ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಗ್ರಾಮೀಣ ಕೃಷಿ ಜಮೀನಿಗೆ ಇದು ಇಲ್ಲ.

ಮುಂಗಡ ಎಷ್ಟು ಕೊಡಬೇಕು? ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಳ್ಳಬಹುದೇ?

ಅಳತೆ ಮತ್ತು ವಕೀಲರ ಅಭಿಪ್ರಾಯ ಕೈಗೆ ಬರುವವರೆಗೆ ಏನನ್ನೂ ಕೊಡಬೇಡಿ. ಆಮೇಲೆ ಕ್ರಯದ ಕರಾರನ್ನು ನೋಂದಾಯಿಸಿ, ಬ್ಯಾಂಕಿನ ಮೂಲಕ ಮಾತ್ರ ಕೊಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ನೋಂದಣಿ ಮುಗಿಯಿತು. ಇನ್ನೇನಾದರೂ ಉಳಿದಿದೆಯೇ?

ಜಮೀನಾದರೆ ಮ್ಯುಟೇಷನ್ ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ, ಮನೆಯಾದರೆ ಖಾತೆ ಬದಲಾಗಿದೆಯೇ ಎಂದು ನೀವೇ ಬೆನ್ನುಹತ್ತಿ ನೋಡಿ. ವಿದ್ಯುತ್ ಸಂಪರ್ಕ, ನೀರಿನ ಸಂಪರ್ಕ, ಪಂಪ್‌ಸೆಟ್ಟಿನ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತು) ನಿಮ್ಮ ಹೆಸರಿಗೆ ಆಗಬೇಕು. ಬಾಂದು ಕಲ್ಲುಗಳನ್ನು ಪಕ್ಕದ ಜಮೀನಿನವರ ಎದುರಿನಲ್ಲೇ ನೆಡಿಸಿ. ದೇವಾಲಯದ ಸುತ್ತಿನ ಬೀದಿಯಲ್ಲಿ ಮನೆ ಕೊಂಡಿದ್ದರೆ ಮುಂದಿನ ಮೆಟ್ಟಿಲನ್ನಾಗಲಿ ಶೀಟಿನ ಚಾವಣಿಯನ್ನಾಗಲಿ ಬೀದಿಗೆ ಚಾಚಬೇಡಿ; ರಥಸಪ್ತಮಿಯ ದಿನ ಅಲ್ಲಿ ತೇರು ಹೋಗಬೇಕು, ಎಷ್ಟು ಜಾಗ ಬಿಡಬೇಕೆಂದು ಎದುರು ಮನೆಯ ಹಿರಿಯರು ನಿಂತು ಅಳೆದು ಹೇಳುತ್ತಾರೆ.